ಈಶ್ವರಿ ಬಳ್ಳಿ: ಕೀಳಲೂ ಬೇಡಿ, ಕುಡಿಯಲೂ ಬೇಡಿ

ಹೋದ ವರ್ಷ ಮಳೆ ಬಿಟ್ಟ ಮೇಲೆ ತೋಟದ ಬೇಲಿ ಸವರೋಕೆ ಬಂದಿದ್ದವರು ಒಂದು ಬಳ್ಳಿ ಹತ್ರ ನಿಂತು ನನ್ನ ಕರೆದ್ರು. ಇದಕ್ಕೆ ಪೂರ್ತಿ ಹುಳ ಬಿದ್ದಿದೆ, ಔಷಧಿ ಹೊಡೆಯೋದಾ ಇಲ್ಲಾ ಬುಡ ಸಮೇತ ಕಿತ್ತು ಬಿಸಾಕೋದಾ ಅಂತ. ಹೋಗಿ ನೋಡಿದ್ರೆ ಎಲೆ ಮುಕ್ಕಾಲು ಖಾಲಿ, ಬರೀ ದಂಟು ಉಳಿದಿದೆ, ಅದರ ಮೇಲೆ ಬೆರಳುದ್ದದ ನಾಲ್ಕೈದು ಹುಳ. ಮೈಯೆಲ್ಲ ಕಡು ಮರೂನ್ ಬಣ್ಣ, ಮಧ್ಯದಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿದ ಹಾಗೆ ಒಂದು ಬಿಳಿ ಗೆರೆ, ಬೆನ್ನ ಮೇಲೆ ಮುಳ್ಳಿನ ಥರ ಕಾಣೋ, ಮುಟ್ಟಿದ್ರೆ ಮೆತ್ತಗಿರೋ ಕೆಂಪು ಉಬ್ಬುಗಳು. ನೋಡಿದ್ರೆ ಯಾರಿಗಾದ್ರೂ ಒಂದು ಹೆಜ್ಜೆ ಹಿಂದೆ ಹೋಗೋಣ ಅನ್ಸುತ್ತೆ. ಆ ಬಳ್ಳಿ ಈಶ್ವರಿ ಬಳ್ಳಿ, ಆ ಹುಳ ಕಾಮನ್ ರೋಸ್ ಅನ್ನೋ ಚಿಟ್ಟೆಯ ಮರಿ. ಎರಡನ್ನೂ ಬಿಟ್ಟುಬಿಡಿ ಅಂದೆ. ಯಾಕೆ ಅಂತ ಕೇಳಿದ್ರು, ಅಲ್ಲೇ ನಿಂತು ಹೇಳೋಕೆ ಆಗಲಿಲ್ಲ, ಯಾಕಂದ್ರೆ ಇದು ಎರಡು ಮಾತಲ್ಲಿ ಮುಗಿಯೋ ಕಥೆ ಅಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲು ಬಳ್ಳಿ ಗುರುತು ಹೇಳ್ತೀನಿ. ವೈಜ್ಞಾನಿಕ ಹೆಸರು ಅರಿಸ್ಟೊಲೋಕಿಯ ಇಂಡಿಕಾ, ಕನ್ನಡದಲ್ಲಿ ಈಶ್ವರಿ ಬಳ್ಳಿ, ಬೇರಿಗೆ ಈಶ್ವರ ಬೇರು ಅಂತಾರೆ. ನಮ್ಮದೇ ನೆಲದ ಬಳ್ಳಿ, ಹೊರಗಿಂದ ಬಂದಿದ್ದಲ್ಲ, ಭಾರತ, ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶದಲ್ಲಿ ಕಾಣ್ಸುತ್ತೆ. ಹಾಗಲ ಬಳ್ಳಿ ಥರ ಹಿಡ್ಕೊಳ್ಳೋಕೆ ಕುಡಿ ಸುರುಳಿ ಇಲ್ಲ, ದಂಟೇ ಆಸರೆಗೆ ಸುತ್ತಿಕೊಂಡು ಹತ್ತುತ್ತೆ. ಬುಡ ಹಳೇದಾದ್ರೆ ಕಟ್ಟಿಗೆ ಥರ ಗಟ್ಟಿ, ಮೇಲೆಲ್ಲ ತೆಳ್ಳಗೆ. ಎಲೆ ಆಕಾರ ಒಂದೇ ಗಿಡದಲ್ಲೂ ಒಂದೊಂದು ಥರ ಇರುತ್ತೆ, ಹಾಗಾಗಿ ಎಲೆ ನೋಡಿ ಹೇಳೋದು ಕಷ್ಟ, ಆದ್ರೆ ಒಂದು ಎಲೆ ಹಿಚುಕಿ ಮೂಸಿ ನೋಡಿದ್ರೆ ಒಂಥರಾ ಘಾಟು ವಾಸನೆ, ಒಂದು ಸಲ ಮೂಸಿದವರು ಮರೆಯಲ್ಲ. ಇನ್ನೂ ಸುಲಭದ ಗುರುತು ಅಂದ್ರೆ ಕಾಯಿ. ಒಣಗಿದ ಮೇಲೆ ಅದು ತೊಟ್ಟಿನ ಕಡೆಯಿಂದ ಆರು ಸೀಳಾಗಿ ಬಿಚ್ಚಿಕೊಳ್ಳುತ್ತೆ, ತೊಟ್ಟೂ ಎಳೆ ಎಳೆಯಾಗಿ ಸೀಳಿ ದಾರದ ಥರ ಆಗುತ್ತೆ, ನೋಡೋಕೆ ಪುಟ್ಟ ತೂಗುಬುಟ್ಟಿ ನೇತು ಹಾಕಿದ ಹಾಗೆ. ಒಳಗೆ ತೆಳು ರೆಕ್ಕೆ ಇರೋ ಚಪ್ಪಟೆ ಬೀಜ ಒಂದರ ಮೇಲೊಂದು ಜೋಡಿಸಿಟ್ಟಿರುತ್ತೆ, ಗಾಳಿಗೆ ಬುಟ್ಟಿ ಅಲ್ಲಾಡಿದಾಗೆಲ್ಲ ಒಂದೊಂದೇ ಉದುರುತ್ತೆ.

ಈಗ ಹೂವಿನ ವಿಷಯ. ಇದು ಸಣ್ಣ ಹೂ, ಎಲೆ ಮಧ್ಯೆ ಹುಡುಕಬೇಕು, ತಿಳಿ ಹಸಿರು ಬಣ್ಣ, ತುದಿಯ ನಾಲಿಗೆ ಮಾತ್ರ ಕಂದು ನೇರಳೆ. ದಳ ಅಂತ ಬೇರೆ ಬೇರೆ ಇಲ್ಲ, ಎಲ್ಲ ಸೇರಿ ಒಂದು ಕೊಳವೆ. ಬುಡದಲ್ಲಿ ದುಂಡಗೆ ಒಂದು ಗುಂಡು ಕೋಣೆ, ಅದರ ಮೇಲೆ ಸಪೂರ ಕೊಳವೆ, ಕೊನೇಲಿ ನಾಲಿಗೆ ಚಾಚಿದ ಬಾಯಿ. ಒಂದು ಹೂವನ್ನ ಬ್ಲೇಡಲ್ಲಿ ಉದ್ದಕ್ಕೆ ಸೀಳಿ ನೋಡಿ, ಎಲ್ಲ ಅರ್ಥ ಆಗುತ್ತೆ. ಕೊಳವೆ ಒಳಗೋಡೆ ತುಂಬ ಸಣ್ಣ ಸಣ್ಣ ಕೂದಲು, ಅಷ್ಟೂ ಕೂದಲು ಒಳಮುಖವಾಗಿ ಬಾಗಿರುತ್ತೆ. ಮೀನು ಹಿಡಿಯೋ ಕೂಳಿ ನೋಡಿದೀರಲ್ವಾ, ಬಾಯಲ್ಲಿ ಬಿದಿರು ಕಡ್ಡಿಗಳು ಒಳಗೆ ಮುಖ ಮಾಡಿರುತ್ತೆ, ಮೀನು ಒಳಗೆ ನುಗ್ಗಬಹುದು, ವಾಪಸ್ ಬರೋಕಾಗಲ್ಲ. ಥೇಟ್ ಅದೇ ವ್ಯವಸ್ಥೆ ಇಲ್ಲಿ ನೊಣಕ್ಕೆ.

ಅರಿಸ್ಟೊಲೋಕಿಯ ಜಾತಿಯ ಹೂಗಳಿಗೆ ಪರಾಗಸ್ಪರ್ಶ ಮಾಡಿಸೋದು ಸಣ್ಣ ಸಣ್ಣ ನೊಣಗಳು. ಕೊಳೆತ ವಸ್ತು ಹುಡುಕ್ಕೊಂಡು ಓಡಾಡೋ ನೊಣ ವಾಸನೆಗೆ ಮರುಳಾಗಿ ಬಾಯಿಂದ ಒಳಗಿಳಿಯುತ್ತೆ, ಕೂದಲು ದಾಟಿ ಗುಂಡು ಕೋಣೆಗೆ ಬೀಳುತ್ತೆ, ಆಮೇಲೆ ಹತ್ತೋಕೆ ಹೋದ್ರೆ ಕೂದಲು ತಡೆಯುತ್ತೆ. ಆ ಹೊತ್ತಿಗೆ ಹೂವಿನ ಹೆಣ್ಣು ಭಾಗ ತಯಾರಾಗಿರುತ್ತೆ, ಗಂಡು ಭಾಗ ಇನ್ನೂ ಪರಾಗ ಬಿಟ್ಟಿರಲ್ಲ. ನೊಣ ಹಿಂದಿನ ಹೂವಿಂದ ಮೈಗೆ ಅಂಟಿಸ್ಕೊಂಡು ಬಂದ ಪರಾಗ ಇಲ್ಲಿ ಹೆಣ್ಣು ಭಾಗಕ್ಕೆ ತಾಗುತ್ತೆ. ಕೆಲಸ ಆದ ಮೇಲೆ ಗಂಡು ಭಾಗ ಒಡೆದು ಒಳಗೇ ಸಿಕ್ಕಿಕೊಂಡಿರೋ ನೊಣದ ಮೈಮೇಲೆ ಹೊಸ ಪರಾಗ ಉದುರುತ್ತೆ, ಅಷ್ಟಾದ ಮೇಲೆ ಕೂದಲೆಲ್ಲ ಬಾಡಿ ಮುದುಡುತ್ತೆ, ದಾರಿ ಬಿಡುಗಡೆ. ನೊಣ ಹೊರಗೆ ಬಂದು ಬುದ್ಧಿ ಕಲಿಯದೆ ಇನ್ನೊಂದು ಹೂವಿಗೆ ಹೋಗುತ್ತೆ, ಅದೇ ಬಳ್ಳಿಗೆ ಬೇಕಾಗಿರೋದು. ನೊಣ ತಿನ್ನೋ ಗಿಡ ಅಂತ ಕೆಲವರು ಹೇಳ್ತಾರೆ, ಅದು ತಪ್ಪು. ಇದು ನೊಣ ತಿನ್ನಲ್ಲ, ಸ್ವಲ್ಪ ಹೊತ್ತು ಕೂಡಿ ಹಾಕಿ ಕೆಲಸ ಮಾಡಿಸ್ಕೊಂಡು ಕಳಿಸುತ್ತೆ ಅಷ್ಟೆ.

ಇನ್ನು ಮುಖ್ಯ ವಿಷಯ, ವಿಷ. ಈ ಬಳ್ಳಿಯ ಎಲೆ, ದಂಟು, ಬೇರು, ಬೀಜ ಎಲ್ಲದರಲ್ಲೂ ಅರಿಸ್ಟೊಲೋಕಿಕ್ ಆಸಿಡ್ ಅನ್ನೋ ರಾಸಾಯನಿಕ ಇದೆ. ಗಿಡ ಇದನ್ನ ಇಟ್ಕೊಂಡಿರೋದು ತನ್ನನ್ನ ತಿನ್ನೋಕೆ ಬರೋರನ್ನ ದೂರ ಇಡೋಕೆ, ಬೇರೆ ಸೊಪ್ಪು ತಿನ್ನೋ ಹುಳಗಳು ಸಾಮಾನ್ಯವಾಗಿ ಇದರ ತಂಟೆಗೆ ಬರಲ್ಲ. ಆದ್ರೆ ಒಂದು ಚಿಟ್ಟೆ ಬಳಗ ಮಾತ್ರ ಈ ವಿಷಕ್ಕೆ ಒಗ್ಗಿಕೊಂಡಿದೆ. ಕಾಮನ್ ರೋಸ್, ಕ್ರಿಮ್ಸನ್ ರೋಸ್, ಸದರ್ನ್ ಬರ್ಡ್‌ವಿಂಗ್, ಇವುಗಳ ಮರಿಗೆ ಈ ಕುಟುಂಬದ ಗಿಡ ಬಿಟ್ರೆ ಬೇರೆ ಊಟವೇ ಇಲ್ಲ, ಪಕ್ಕದಲ್ಲಿ ಎಷ್ಟೇ ಹಸಿರು ಇದ್ರೂ ಹಸಿದು ಸಾಯುತ್ತೆ ಹೊರತು ಬಾಯಿ ಹಾಕಲ್ಲ. ಮರಿ ಎಲೆ ತಿಂದು ವಿಷಾನ ಹೊರಗೆ ಹಾಕಲ್ಲ, ಮೈಯಲ್ಲೇ ಕೂಡಿಟ್ಕೊಳ್ಳುತ್ತೆ, ಕೋಶ ಆದಾಗಲೂ ಅದು ಇರುತ್ತೆ, ಚಿಟ್ಟೆ ಆಗಿ ಹಾರಿದ ಮೇಲೂ ಇರುತ್ತೆ. ಹಾಲಾಹಲ ಕುಡಿದು ಗಂಟಲಲ್ಲೇ ನಿಲ್ಲಿಸ್ಕೊಂಡ ನೀಲಕಂಠನ ಕಥೆ ಎಲ್ಲರಿಗೂ ಗೊತ್ತು, ಈ ಬಳ್ಳಿಗೆ ಈಶ್ವರಿ ಅಂತ ಹೆಸರಿಟ್ಟವರ ಮನಸ್ಸಲ್ಲಿ ಹಾವು ಇತ್ತೋ ವಿಷ ಇತ್ತೋ, ನಂಗಂತೂ ಈ ಬಳ್ಳಿ ಮೇಲಿನ ಹುಳ ನೋಡಿದಾಗೆಲ್ಲ ನೀಲಕಂಠ ಅಂದ್ರೆ ಇದೇ ಅನ್ಸುತ್ತೆ.

ಆ ಕೆಂಪು ಉಬ್ಬು, ಕಡು ಬಣ್ಣ ಎಲ್ಲ ಯಾಕೆ ಅಂತ ಈಗ ಗೊತ್ತಾಗುತ್ತೆ. ಅಡಗಿಕೊಳ್ಳೋ ಹುಳ ಹಸಿರು ಬಣ್ಣದಲ್ಲಿರುತ್ತೆ, ಇದು ಅಡಗಿಕೊಳ್ಳಲ್ಲ, ನಾನು ಇಲ್ಲಿದೀನಿ ನೋಡು, ತಿಂದ್ರೆ ನಿಂಗೇ ಕಷ್ಟ ಅಂತ ಹಕ್ಕಿಗೆ ಸಾರಿ ಹೇಳುತ್ತೆ. ಒಂದು ಸಲ ಬಾಯಿಗೆ ಹಾಕ್ಕೊಂಡು ಉಗುಳಿದ ಹಕ್ಕಿ ಆ ಬಣ್ಣ ನೆನಪಿಟ್ಕೊಳ್ಳುತ್ತೆ. ದೊಡ್ಡ ಚಿಟ್ಟೆ ಆದ ಮೇಲೂ ರೋಸ್ ಚಿಟ್ಟೆಗಳ ಮೈ ಕೆಂಪಗೇ ಇರುತ್ತೆ, ಹಾರೋದೂ ನಿಧಾನ, ಯಾರ ಭಯವೂ ಇಲ್ಲದ ಹಾಗೆ.

ಸದರ್ನ್ ಬರ್ಡ್‌ವಿಂಗ್ ಬಗ್ಗೆ ಸ್ವಲ್ಪ ಹೆಚ್ಚು ಹೇಳ್ಬೇಕು, ಯಾಕಂದ್ರೆ ಇದು ಕರ್ನಾಟಕದ ರಾಜ್ಯ ಚಿಟ್ಟೆ. ದಕ್ಷಿಣ ಭಾರತ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಪಶ್ಚಿಮ ಘಟ್ಟವೇ ಇದರ ಮುಖ್ಯ ಮನೆ. ಮುಂದಿನ ರೆಕ್ಕೆ ಕಪ್ಪು, ಹಿಂದಿನ ರೆಕ್ಕೆ ಬಂಗಾರದ ಹಳದಿ, ರೆಕ್ಕೆ ಬಿಚ್ಚಿದ್ರೆ ಸುಮಾರು 14ರಿಂದ 19 ಸೆಂಟಿಮೀಟರ್. 1932ರಲ್ಲಿ ಅಳೆದ ಒಂದು ಬರ್ಡ್‌ವಿಂಗ್ 190 ಮಿಲಿಮೀಟರ್ ಇತ್ತು, ಭಾರತದ ಅತಿ ದೊಡ್ಡ ಚಿಟ್ಟೆ ಅನ್ನೋ ದಾಖಲೆ 2020ರವರೆಗೂ ಅದರ ಹೆಸರಲ್ಲೇ ಇತ್ತು, ಆಮೇಲೆ ಉತ್ತರಾಖಂಡದಲ್ಲಿ ಸಿಕ್ಕ 194 ಮಿಲಿಮೀಟರಿನ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣು ಆ ದಾಖಲೆ ಮುರೀತು. ನಾಲ್ಕು ಮಿಲಿಮೀಟರಲ್ಲಿ! ಅಷ್ಟು ದೊಡ್ಡ ಚಿಟ್ಟೆ ಮರದ ತುದಿಯಲ್ಲೇ ತೇಲಾಡ್ತಾ ಇರುತ್ತೆ, ನಮ್ಮ ಕಣ್ಣಿಗೆ ಹತ್ರದಿಂದ ಬೀಳೋದು ಮುಖ್ಯವಾಗಿ ಎರಡೇ ಕಾರಣಕ್ಕೆ, ಹೂವಿನ ಮಕರಂದಕ್ಕೆ ಬಂದಾಗ, ಇಲ್ಲಾ ಹೆಣ್ಣು ಚಿಟ್ಟೆ ಮೊಟ್ಟೆ ಇಡೋಕೆ ಈಶ್ವರಿ ಬಳ್ಳಿ ಹುಡುಕ್ಕೊಂಡು ಕೆಳಗಿಳಿದಾಗ. ಈ ಬಳಗದ ಹೆಣ್ಣು ಚಿಟ್ಟೆಗಳು ಎಲೆ ಮೇಲೆ ಕೂತು ಮುಂಗಾಲಲ್ಲಿ ತಟತಟ ಅಂತ ತಟ್ಟುತ್ತೆ, ರುಚಿ ನೋಡೋ ಅಂಗ ಕಾಲಲ್ಲೇ ಇರೋದು. ಸರಿಯಾದ ಎಲೆ ಅಂತ ಖಾತ್ರಿ ಆದ್ರೆ ಮೊಟ್ಟೆ, ಇಲ್ಲಾಂದ್ರೆ ಮುಂದಿನ ಗಿಡ. ಬಳ್ಳಿ ಸಿಗಲಿಲ್ಲ ಅಂದ್ರೆ ಆ ಜಾಗದಲ್ಲಿ ಮುಂದಿನ ತಲೆಮಾರು ಇಲ್ಲ, ಇದರಲ್ಲಿ ಅಡ್ಜಸ್ಟ್‌ಮೆಂಟ್ ಅನ್ನೋದೇ ಇಲ್ಲ.

ಈ ವಿಷದ ಲಾಭ ಪಡೆಯೋ ಇನ್ನೊಂದು ಚಿಟ್ಟೆ ನಿಮ್ಮ ಮನೆ ಕರಿಬೇವಿನ ಗಿಡದಲ್ಲೇ ಇದೆ. ಕಾಮನ್ ಮಾರ್ಮನ್ ಅಂತ, ಇದರ ಮರಿ ನಿಂಬೆ, ಕರಿಬೇವಿನ ಎಲೆ ತಿಂದು ಬೆಳೆಯೋದು, ಈಶ್ವರಿ ಬಳ್ಳಿ ಮುಟ್ಟೋದೇ ಇಲ್ಲ, ಮೈಯಲ್ಲಿ ಆ ವಿಷ ಒಂದು ಚೂರೂ ಇಲ್ಲ. ಆದ್ರೆ ಇದರ ಹೆಣ್ಣುಗಳು ಮೂರು ವೇಷದಲ್ಲಿ ಬರುತ್ತೆ, ಒಂದು ಗಂಡಿನ ಥರಾನೇ ಕಪ್ಪು ಬಿಳಿ, ಇನ್ನೊಂದು ಥೇಟ್ ಕಾಮನ್ ರೋಸ್, ಮತ್ತೊಂದು ಥೇಟ್ ಕ್ರಿಮ್ಸನ್ ರೋಸ್. ವಿಷದ ಚಿಟ್ಟೆಯ ಬಟ್ಟೆ ಹಾಕ್ಕೊಂಡ್ರೆ ಹಕ್ಕಿ ಹತ್ರ ಬರಲ್ಲ ಅಲ್ವಾ. ಈ ವೇಷ ಬದಲಾವಣೆ ಹಿಂದೆ ಇರೋದು ಡಬಲ್‌ಸೆಕ್ಸ್ ಅನ್ನೋ ಒಂದೇ ಜೀನ್ ಅಂತ ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿ ಕೃಷ್ಣಮೇಘ ಕುಂಟೆ ಮತ್ತೆ ಅವರ ಜೊತೆಗಾರರು 2014ರಲ್ಲಿ ತೋರಿಸಿದ್ರು. ನೀವು ಪತ್ತೆ ಹಚ್ಚಬೇಕು ಅಂದ್ರೆ ರೆಕ್ಕೆ ನೋಡಬೇಡಿ, ಮೈ ನೋಡಿ. ನಿಜವಾದ ರೋಸ್ ಆದ್ರೆ ಹೊಟ್ಟೆ ಕೆಂಪು, ವೇಷದ ಮಾರ್ಮನ್ ಆದ್ರೆ ಹೊಟ್ಟೆ ಕಪ್ಪು. ಇದು ಒಂದು ಸಲ ಗೊತ್ತಾದ ಮೇಲೆ ಹಿತ್ತಲಲ್ಲಿ ಹಾರೋ ಒಂದೊಂದು ಚಿಟ್ಟೆನೂ ನಿಲ್ಲಿಸಿ ನೋಡೋ ಹಾಗಾಗುತ್ತೆ.

ಇನ್ನು ಜನ ಇದನ್ನ ಹೇಗೆ ಬಳಸ್ತಿದ್ರು ಅನ್ನೋದು. ಬೇರು ತೇಯ್ದು ಹಾವು ಕಚ್ಚಿದ ಜಾಗಕ್ಕೆ ಹಚ್ಚೋದು, ಕುಡಿಸೋದು, ಚೇಳು ಕುಟುಕಿದ್ರೆ ಎಲೆ ಅರೆದು ಕಟ್ಟೋದು, ಜ್ವರಕ್ಕೆ, ಮಕ್ಕಳ ಹೊಟ್ಟೆನೋವಿಗೆ ಕಷಾಯ, ಮುಟ್ಟು ನಿಂತಿದ್ರೆ ಬರಿಸೋಕೆ, ಬಸಿರು ಇಳಿಸೋಕೆ ಕೂಡ. ಮನೆ ಸುತ್ತ ನೆಟ್ರೆ ಹಾವು ಬರಲ್ಲ ಅನ್ನೋ ನಂಬಿಕೆಯಿಂದ ಬೇಲಿಗೆ ಹಬ್ಬಿಸೋದೂ ಇತ್ತು. ಕೇರಳದ ಕಡೆ ಗರುಡಕ್ಕೊಡಿ ಅಂತಾರೆ, ಅಂದ್ರೆ ಗರುಡನ ಬಳ್ಳಿ, ಅಲ್ಲೂ ಹಾವಿನ ನೆನಪೇ. ಯುರೋಪಿನವರು ಅದೇ ಕುಟುಂಬದ ಬಳ್ಳಿಯ ಹೂವಿನ ಬಾಗಿದ ಕೊಳವೆ, ಉಬ್ಬಿದ ಕೋಣೆ ನೋಡಿ ಗರ್ಭಕೋಶದ ಥರ ಇದೆ ಅಂದ್ಕೊಂಡು ಹೆರಿಗೆಗೆ ಕೊಡ್ತಿದ್ರು, ಅರಿಸ್ಟೊಲೋಕಿಯ ಅನ್ನೋ ಗ್ರೀಕ್ ಮೂಲದ ಹೆಸರಿಗೆ ಸುಖ ಹೆರಿಗೆ ಅಂತಲೇ ಅರ್ಥ. ಮುಂಗುಸಿ ಹಾವಿನ ಜೊತೆ ಕಾದಾಡಿ ಬಂದು ಕಾಡಲ್ಲಿ ಯಾವುದೋ ಬೇರು ತಿಂದು ವಿಷ ಇಳಿಸ್ಕೊಳ್ಳುತ್ತೆ ಅನ್ನೋ ಕಥೆ ಚಿಕ್ಕವರಿದ್ದಾಗ ನಾವೆಲ್ಲ ಕೇಳಿದೀವಿ, ಆ ಬೇರು ಇದೇ ಅನ್ನೋರೂ ಇದಾರೆ. ಮುಂಗುಸಿಗೆ ಬೇರು ಬೇಕಾಗಿಲ್ಲ. ನಾಗರಹಾವಿನ ವಿಷ ನರ ಮತ್ತೆ ಸ್ನಾಯು ಸೇರೋ ಜಾಗದಲ್ಲಿ ಹೋಗಿ ಅಂಟಿಕೊಳ್ಳಬೇಕು, ಮುಂಗುಸಿ ಮೈಯಲ್ಲಿ ಆ ಅಂಟೋ ಜಾಗದ ರಚನೆಯೇ ಸ್ವಲ್ಪ ಬೇರೆ, ವಿಷ ಸರಿಯಾಗಿ ಕೂರಲ್ಲ, ಅಷ್ಟೆ.

ಹಾಗಂತ ಹಿರಿಯರು ಸುಮ್ಮನೆ ಏನೋ ಹೇಳಿದ್ರು ಅಂತ ತಳ್ಳಿಹಾಕೋದು ನಂಗೆ ಇಷ್ಟ ಇಲ್ಲ, ಯಾಕಂದ್ರೆ ಇದರಲ್ಲಿ ಒಂದು ಎಳೆ ನಿಜಾನೂ ಇದೆ. ಮೈಸೂರು ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿಗಳು 1987ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಕೊಳಕುಮಂಡಲದ ವಿಷದಲ್ಲಿರೋ ಫಾಸ್ಫೋಲಿಪೇಸ್ ಅನ್ನೋ ಕಿಣ್ವದ ಜೊತೆ ಅರಿಸ್ಟೊಲೋಕಿಕ್ ಆಸಿಡ್ ಸೇರಿಸಿ ನೋಡಿದ್ರು, ಆ ಕಿಣ್ವದ ಕೆಲಸ ತಗ್ಗಿತು. ಅಂದ್ರೆ ಬೇರಿಗೂ ಹಾವಿನ ವಿಷಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗಿಲ್ಲ. ಆದ್ರೆ ಇಲ್ಲೇ ಎಚ್ಚರ ತಪ್ಪೋದು. ಹಾವಿನ ವಿಷ ಅಂದ್ರೆ ಒಂದು ವಸ್ತು ಅಲ್ಲ, ಹತ್ತಾರು ಪ್ರೋಟೀನುಗಳ ಮಿಶ್ರಣ. ಒಂದು ರಕ್ತ ಹೆಪ್ಪುಗಟ್ಟೋದನ್ನ ಕೆಡಿಸುತ್ತೆ, ಒಂದು ಮಾಂಸ ಕೊಳೆಸುತ್ತೆ, ಒಂದು ನರ ಕಟ್ಟಿಹಾಕಿ ಉಸಿರಾಟ ನಿಲ್ಲಿಸುತ್ತೆ. ಲ್ಯಾಬಲ್ಲಿ ಅದರಲ್ಲಿ ಒಂದನ್ನ ತಡೆಯೋದು ಬೇರೆ, ಕಚ್ಚಿಸ್ಕೊಂಡ ಮನುಷ್ಯನ್ನ ಉಳಿಸೋದು ಬೇರೆ, ತೇಯ್ದು ಹಚ್ಚಿದ್ದು ರಕ್ತಕ್ಕೆ ಇಳಿದ ವಿಷದ ಹಿಂದೆ ಓಡಿ ಹಿಡಿಯೋಕೂ ಆಗಲ್ಲ. ಮತ್ತೆ ನಾಟಿ ಮದ್ದಲ್ಲಿ ಬದುಕಿದೋರು ಇದಾರಲ್ಲ ಅಂತ ಕೇಳಿದ್ರೆ, ಹೌದು ಇದಾರೆ, ನಮ್ಮಲ್ಲಿ ಕಚ್ಚೋ ಹಾವುಗಳಲ್ಲಿ ತುಂಬಾನೇ ವಿಷ ಇಲ್ಲದವು, ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಬರೀ ಹಲ್ಲು ಊರಿ ಹೋಗುತ್ತೆ, ಅವರು ಏನೂ ಮಾಡದಿದ್ರೂ ಬದುಕ್ತಿದ್ರು, ಹೆಸರು ಬೇರಿಗೆ ಬಂತು. ಉಳಿದವರಿಗೆ ಆಸ್ಪತ್ರೆಯಲ್ಲಿ ಕೊಡೋ ಹಾವಿನ ವಿಷದ ಮದ್ದು, ಆ್ಯಂಟಿವೆನಮ್ ಒಂದೇ ದಾರಿ, ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಸೇರಿ ಒಂದೇ ಔಷಧಿ ನಮ್ಮ ದೇಶದಲ್ಲಿ ಇದೆ. 2000ದಿಂದ 2019ರ ನಡುವೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜು, ವರ್ಷಕ್ಕೆ 58,000. ಬೇರು ತೇಯೋಕೆ ಹೋದ ಅರ್ಧ ಗಂಟೆ ಎಷ್ಟು ಬೆಲೆಬಾಳುತ್ತೆ ಅಂತ ಯೋಚನೆ ಮಾಡಿ.

ಹಾವಿನ ಮಾತು ಅಲ್ಲಿಗೆ ಬಿಡಿ, ನನಗೆ ಇನ್ನೂ ಹೆಚ್ಚು ಭಯ ಇರೋದು ಜ್ವರಕ್ಕೆ, ಹೊಟ್ಟೆನೋವಿಗೆ, ಶುಗರಿಗೆ ಅಂತ ದಿನಾ ಸ್ವಲ್ಪ ಸ್ವಲ್ಪ ಕುಡಿಯೋರ ಬಗ್ಗೆ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 1990ರ ಹೊತ್ತಿಗೆ ತೂಕ ಇಳಿಸೋ ಒಂದು ಕ್ಲಿನಿಕ್ಕಲ್ಲಿ ಹೆಂಗಸರಿಗೆ ಚೀನಾ ಗಿಡಮೂಲಿಕೆ ಮಾತ್ರೆ ಕೊಟ್ಟಿದ್ರು. ಅದರಲ್ಲಿ ಇರಬೇಕಾಗಿದ್ದು ಬೇರೊಂದು ಬೇರು, ಹೆಸರಿನ ಹೋಲಿಕೆಯಿಂದ ಅದರ ಜಾಗಕ್ಕೆ ಅರಿಸ್ಟೊಲೋಕಿಯ ಜಾತಿಯ ಚೀನಾ ಬಳ್ಳಿಯೊಂದರ ಬೇರು ಬಂದು ಸೇರಿಕೊಂಡಿತ್ತು. ನೂರರಷ್ಟು ಹೆಂಗಸರ ಕಿಡ್ನಿ ಹಾಳಾಯ್ತು, ಕಾಯಿಲೆ ವಿಷಯ 1993ರಲ್ಲಿ ಹೊರಬಂತು. ಕಿಡ್ನಿ ತೆಗೆಸ್ಕೊಂಡ 39 ಜನರನ್ನ ಆಮೇಲೆ ಪರೀಕ್ಷೆ ಮಾಡಿದಾಗ 18 ಜನರಲ್ಲಿ ಮೂತ್ರನಾಳದ ಕ್ಯಾನ್ಸರ್ ಸಿಕ್ತು. ಯುರೋಪಿನ ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆ ಹಳ್ಳಿಗಳಲ್ಲಿ ರೈತರ ಕಿಡ್ನಿ ನಿಧಾನಕ್ಕೆ ಸಾಯೋ ಒಂದು ಕಾಯಿಲೆ ದಶಕಗಟ್ಟಲೆ ಒಗಟಾಗಿತ್ತು, ಕೊನೆಗೆ ಗೊತ್ತಾಗಿದ್ದು ಗೋಧಿ ಹೊಲದಲ್ಲಿ ಕಳೆಯಾಗಿ ಬೆಳೀತಿದ್ದ ಇದೇ ಕುಟುಂಬದ ಗಿಡದ ಬೀಜ ಕಾಳಿನ ಜೊತೆ ಹಿಟ್ಟಾಗಿ ರೊಟ್ಟಿಗೆ ಹೋಗ್ತಿತ್ತು ಅಂತ. ತೈವಾನಲ್ಲಿ ಸರ್ಕಾರ 2003ರಲ್ಲಿ ಇಂಥ ಮದ್ದುಗಳನ್ನ ನಿಷೇಧಿಸ್ತು, ಅಷ್ಟರಲ್ಲಿ ಜನಸಂಖ್ಯೆಯ ಮೂರನೇ ಒಂದು ಭಾಗಕ್ಕೆ ಯಾವಾಗಲಾದರೂ ಒಮ್ಮೆ ಬರೆದುಕೊಟ್ಟಾಗಿತ್ತು.

ಒಳಗೆ ಆಗೋದು ಏನಂದ್ರೆ, ಈ ಆಸಿಡ್ ನಮ್ಮ ದೇಹದಲ್ಲಿ ರೂಪ ಬದಲಾಯಿಸ್ಕೊಂಡು ಕಿಡ್ನಿ ಜೀವಕೋಶಗಳ ಡಿಎನ್‌ಎಗೆ ಹೋಗಿ ಅಂಟುತ್ತೆ. ಅಂಟಿದ್ದು ಸುಲಭಕ್ಕೆ ಬಿಡಲ್ಲ, ವರ್ಷಗಟ್ಟಲೆ ಉಳಿಯುತ್ತೆ. ಡಿಎನ್‌ಎ ನಕಲಾಗುವಾಗ ಆ ಜಾಗದಲ್ಲಿ ತಪ್ಪು ಅಕ್ಷರ ಬೀಳುತ್ತೆ, ಬೀಳೋ ತಪ್ಪು ಒಂದು ಖಾಸ್ ನಮೂನೆಯದ್ದು, ಹಾಗಾಗಿ ಗಡ್ಡೆಯ ಡಿಎನ್‌ಎ ಓದಿ ಇದು ಅರಿಸ್ಟೊಲೋಕಿಕ್ ಆಸಿಡ್ ಕೆಲಸ ಅಂತ ಬೆರಳು ಮಾಡಿ ತೋರಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನ ಮನುಷ್ಯರಿಗೆ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ತಂಬಾಕು ಇರೋದೂ ಅದೇ ಗುಂಪಲ್ಲಿ. ಕುದಿಸಿ ಕಷಾಯ ಮಾಡಿದ್ರೆ ಹೋಗುತ್ತೆ ಅನ್ಕೋಬೇಡಿ, ಹೋಗಲ್ಲ. ಇನ್ನೊಂದು, ಇದು ಕುಡಿದ ತಕ್ಷಣ ವಾಂತಿ ಭೇದಿ ಮಾಡಿಸಿ ಹೆದರಿಸೋ ವಿಷ ಅಲ್ಲ, ಕಿಡ್ನಿ ಸೋಲೋದು ತಿಂಗಳು, ವರ್ಷ ಕಳೆದ ಮೇಲೆ, ಕ್ಯಾನ್ಸರ್ ಅದಕ್ಕೂ ಆಮೇಲೆ. ಹಿಂದಿನವರಿಗೆ ಈ ಬೇರಿಗೂ ಎಷ್ಟೋ ವರ್ಷದ ನಂತರ ಬಂದ ಕಾಯಿಲೆಗೂ ಗಂಟು ಹಾಕೋಕೆ ಸಾಧ್ಯವೇ ಇರಲಿಲ್ಲ, ಅದು ಅವರ ದಡ್ಡತನ ಅಲ್ಲ. ನಮಗೆ ಈಗ ಗೊತ್ತು, ಗೊತ್ತಿದ್ದೂ ಕುಡಿದ್ರೆ ತಪ್ಪು ನಮ್ಮದು.

ಗುರುತು ತಪ್ಪೋ ಬಗ್ಗೆಯೂ ಒಂದು ಮಾತು. ನಮ್ಮ ಕಾಡಲ್ಲೇ ಇರೋ ಇದರ ಅಕ್ಕತಂಗಿ ಅರಿಸ್ಟೊಲೋಕಿಯ ಟಗಾಲಾ ಅನ್ನೋ ಬಳ್ಳಿಗೆ ದೊಡ್ಡ ಹೃದಯದಾಕಾರದ ಎಲೆ, ಅಮೃತಬಳ್ಳಿ ಎಲೆನೂ ಹೃದಯದಾಕಾರ. ಎಲೆ ಒಂದೇ ನೋಡಿ ಬೇಲಿಯಿಂದ ಕಿತ್ತು ಕಷಾಯ ಮಾಡೋ ಅಭ್ಯಾಸ ಇದ್ರೆ ದಯವಿಟ್ಟು ದಂಟು ನೋಡಿ, ಅಮೃತಬಳ್ಳಿ ದಂಟು ಗಂಟು ಗಂಟಾಗಿ ಸಿಪ್ಪೆ ಸುಲಿಯೋ ಹಾಗಿರುತ್ತೆ, ದಾರದ ಥರ ಬಿಳಲು ಇಳಿಬಿದ್ದಿರುತ್ತೆ. ಸಂಶಯ ಬಂದ್ರೆ ಬಿಟ್ಟುಬಿಡೋದೇ ಸರಿ.

ಕುಡಿಯೋದು ಬೇಡ ಅಂದ ಮೇಲೆ ಬಳ್ಳಿ ಯಾಕೆ ಇಟ್ಕೋಬೇಕು ಅಂದ್ರೆ, ಚಿಟ್ಟೆಗೆ. ಇಟ್ಕೊಂಡ್ರೆ ಏನೂ ತೊಂದರೆ ಇಲ್ಲ, ಮುಟ್ಟಿದ್ರೆ ಏನೂ ಆಗಲ್ಲ, ಬೇಲಿಗೆ ಭಾರ ಅಲ್ಲ. ಇದಕ್ಕೆ ದೊಡ್ಡ ಶತ್ರು ಬೇರು ಅಗೆಯೋದು, ಎಲೆ ಕಿತ್ರೆ ಚಿಗುರುತ್ತೆ, ಬೇರು ಕಿತ್ರೆ ಅಲ್ಲಿಗೆ ಕಥೆ ಮುಗೀತು. ಹುಳ ಪೂರ್ತಿ ಬೋಳಿಸಿದ್ರೂ ಹೆದರಬೇಡಿ, ಬುಡ ಗಟ್ಟಿ ಇದ್ರೆ ಮತ್ತೆ ಬರುತ್ತೆ. ಒಣಗಿದ ತೂಗುಬುಟ್ಟಿಯಿಂದ ಬೀಜ ತಂದು ಅರೆನೆರಳಲ್ಲಿ ಹಾಕಿ, ಹಬ್ಬೋಕೆ ಒಂದು ಕೋಲೋ ದಾಸವಾಳದ ಗಿಡವೋ ಇರಲಿ, ಒಂದರ ಬದಲು ಮೂರ್ನಾಲ್ಕು ಬಳ್ಳಿ ಇದ್ರೆ ಒಳ್ಳೇದು, ಯಾಕಂದ್ರೆ ಬರ್ಡ್‌ವಿಂಗ್ ಮರಿಗಳು ಭಾರೀ ತಿನ್ನುತ್ತೆ, ಒಂದೇ ಬಳ್ಳಿ ಸಾಕಾಗಲ್ಲ. ಔಷಧಿ ಹೊಡೆಯೋ ಸಾಲಿನ ಪಕ್ಕ ಮಾತ್ರ ಬೇಡ.

ನರ್ಸರಿಯಲ್ಲಿ ಇದೇ ಕುಟುಂಬದ ದಕ್ಷಿಣ ಅಮೆರಿಕದ ಅಲಂಕಾರದ ಬಳ್ಳಿಗಳು ಸಿಗುತ್ತೆ, ಬಾತುಕೋಳಿ ಥರ, ಪೈಪಿನ ಥರ ದೊಡ್ಡ ದೊಡ್ಡ ಹೂ, ನೋಡೋಕೆ ಆಕರ್ಷಕ. ಚಿಟ್ಟೆಗೋಸ್ಕರ ಹಾಕೋದಾದ್ರೆ ಅದನ್ನ ತರಬೇಡಿ. ಆಸ್ಟ್ರೇಲಿಯಾದಲ್ಲಿ ಇದರಿಂದ ದೊಡ್ಡ ಅನಾಹುತ ಆಗಿದೆ, ಅಲ್ಲಿನ ರಿಚ್ಮಂಡ್ ಬರ್ಡ್‌ವಿಂಗ್ ಹೆಣ್ಣು ಚಿಟ್ಟೆ ವಾಸನೆಗೆ ಮೋಸ ಹೋಗಿ ಆ ಅಲಂಕಾರದ ಬಳ್ಳಿ ಮೇಲೆ ಮೊಟ್ಟೆ ಇಡುತ್ತೆ, ಹುಟ್ಟಿದ ಮರಿಗಳು ಆ ಎಲೆ ತಿಂದು ಸಾಯುತ್ತೆ, ಅದರ ವಿಷ ಅವುಗಳಿಗೆ ಒಗ್ಗಿದ್ದಲ್ಲ. ಅಲ್ಲಿನ ಜನ, ಶಾಲೆ ಮಕ್ಕಳು ಸೇರಿ ಆ ಬಳ್ಳಿ ಕಿತ್ತು, ತಮ್ಮ ನೆಲದ ಬಳ್ಳಿ ಮತ್ತೆ ನೆಟ್ಟು ಚಿಟ್ಟೆ ಉಳಿಸೋ ಕೆಲಸ ಮಾಡಿದಾರೆ. ನಮ್ಮ ಬೇಲಿಯಲ್ಲಿ ನಮ್ಮದೇ ಬಳ್ಳಿ ಇನ್ನೂ ತಾನಾಗೇ ಹುಟ್ತಾ ಇದೆ.

ನಮ್ಮ ತೋಟದಲ್ಲಿ ಈ ಸಲ ಬೇಲಿ ಸವರುವಾಗ ಅವರು ಕೇಳಲೇ ಇಲ್ಲ. ಎರಡು ಮಾರು ಜಾಗ ಹಾಗೇ ಬಿಟ್ಟು, ಗುರುತಿಗೆ ಅಂತ ಒಂದು ಕೆಂಪು ಬಟ್ಟೆ ಚೂರು ಕಟ್ಟಿ ಮುಂದಕ್ಕೆ ಹೋಗಿದ್ರು. ಬಳ್ಳಿ ಆ ಬಟ್ಟೆ ಕಟ್ಟಿದ ಗೂಟಕ್ಕೂ ಎರಡು ಸುತ್ತು ಸುತ್ತಿದೆ.